ಅಕ್ಷರವಿಲ್ಲದ ಡ್ರೈವ್

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಲೆಕ್ಕ ತಪ್ಪಿದ್ದರೆ ತಪ್ಪಿದವನು ಮನುಷ್ಯ ಎಂದು ನಂಬಿಯೇ ನಾನು ಕಡೂರಿನಲ್ಲಿ ರಿಪೇರಿ ಅಂಗಡಿ ನಡೆಸಿದವನು. ವಿಚಿತ್ರ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನಗು ಬರುತ್ತಿತ್ತು. ಈಗಲೂ ಪೂರ್ತಿ ನಂಬಿದ್ದೇನೆಂದಲ್ಲ. ನನ್ನ ನೆನಪನ್ನಂತೂ ನಂಬುವುದಿಲ್ಲ. ಇದನ್ನು ಹೇಳಿದಾಗಲೆಲ್ಲ ಏನೋ ಒಂದು ಬದಲಾಗುತ್ತದೆ. ಆ ಫೋಟೋ ಮಾತ್ರ ಬದಲಾಗಿಲ್ಲ.

ಐದಾರು ವರ್ಷಗಳ ಹಿಂದಿನ ಮಾತು. ಅಜ್ಜಂಪುರದಲ್ಲಿ ನನ್ನ ಸ್ನೇಹಿತ ರಹಮತ್‌ನ ಫೋಟೋ ಸ್ಟುಡಿಯೋ ಇದೆ. ಮದುವೆಗೂ ಅವನೇ, ಸಾವಿಗೂ ಅವನೇ. ನಮ್ಮವರಲ್ಲಿ ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಸುತ್ತ ಮನೆಯವರು ನಿಂತು ಕೊನೆಯ ಫೋಟೋ ತೆಗೆಸುತ್ತಾರೆ. ಕಂಪ್ಯೂಟರಿನಲ್ಲಿ ಜಾಗ ಸಾಲುತ್ತಿಲ್ಲವೆಂದು ಅವನು ಕರೆದ. ಹೋಗಿ ನೋಡಿದರೆ ಡಿಸ್ಕಿನ ಒಟ್ಟು ಅಳತೆಗೂ ಕಾಣುವ ಡ್ರೈವ್‌ಗಳ ಅಳತೆಗೂ ನೂರು ಜಿಬಿ ವ್ಯತ್ಯಾಸ. ಹೆಸರಾಗಲಿ, ಸಿ, ಡಿ ಎಂಬಂಥ ಅಕ್ಷರವಾಗಲಿ ಇಲ್ಲದ ಒಂದು ಪಾರ್ಟಿಷನ್, ಡಿಸ್ಕಿನದೇ ಒಂದು ಭಾಗ, ಅಡಗಿತ್ತು. ಯಾರೋ ಅರೆಬರೆ ಮಾಡಿಬಿಟ್ಟ ಕೆಲಸವೆಂದುಕೊಂಡು, ಕೇಳದೆಯೇ ಅಳಿಸಿ ಡಿ ಡ್ರೈವ್‌ಗೆ ಸೇರಿಸಿದೆ.

ಟೀ ಹಿಡಿದು ಬಂದ ರಹಮತ್ ಪರದೆ ನೋಡಿ ನಿಂತುಬಿಟ್ಟ.

"ಲೇ, ಏನೋ ಮಾಡ್ದೆ? ಅದ್ರಲ್ಲಿ ಸತ್ತೋರು ಅವ್ರೆ ಕಣೋ!"

"ಅಡಗಿಸಿ ಯಾಕೋ ಇಟ್ಟಿದ್ದೆ?"

"ಮದ್ವೆ ಹೆಣ್ಣು ಇಲ್ಲೇ ಕೂತ್ಕಂಡು ಆಲ್ಬಮ್ಮಿಗೆ ಫೋಟೋ ಆರಿಸ್ತಾಳೆ. ಅವ್ಳ ಮುಂದೆ ಹೆಣ ತೆಗೀಲೇನೋ?"

ಆಗಲೇ ಆ ಊರಿನಲ್ಲೇ ಇದ್ದ ನನ್ನ ಅತ್ತಿಗೆ ಬಂದಳು. ಆಗಲೇ ಅಲ್ಲ, ಗಂಟೆ ಕಳೆದಿರಬಹುದು. ಅಣ್ಣ ಸತ್ತು ವರ್ಷವಾಗುತ್ತಿತ್ತು. ವರ್ಷದ ಪೂಜೆಗೆ, ರಹಮತ್ ತೆಗೆದಿದ್ದ ಅವನ ಕೊನೆಯ ಫೋಟೋ ಬೇಕಿತ್ತು. ಅವಳ ಮೊಬೈಲಿನಲ್ಲಿದ್ದದ್ದು ಮೊಬೈಲ್ ಕೆಟ್ಟಾಗಲೇ ಹೋಗಿತ್ತು. ನಾನೂ ಅಣ್ಣನೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನು ಸತ್ತ ದಿನ ನಾನು ಕಡೂರಿನಲ್ಲೇ ಇದ್ದೆ. ಅಂಗಡಿ ಕೂಡ ಮುಚ್ಚಲಿಲ್ಲ.

ನಾನೇ ಅಳಿಸಿದೆನೆಂದು ಹೇಳಿದೆ. ಅವಳು ಬೆಂಚಿನ ಮೇಲೆ ಕೂತಳು.

ಪಾರ್ಟಿಷನ್ ದೊಡ್ಡದಾಗಿದ್ದರೂ ಡಿ ಡ್ರೈವ್ ಹಳೆಯ ಅಳತೆಯನ್ನೇ ತೋರಿಸುತ್ತಿತ್ತು. ಒಳಗೆ ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ ಹೊಸ ಜಾಗಕ್ಕೆ ಬೆಳೆದಿರಲಿಲ್ಲ. ಇದು ಸಾಮಾನ್ಯ ತೊಂದರೆ, ಒಂದು ಕಮಾಂಡಿನಲ್ಲಿ ಸರಿಹೋಗುತ್ತದೆ. ನಾನು ಸರಿಮಾಡಲಿಲ್ಲ. ಆ ನೂರು ಜಿಬಿಯ ಮೇಲೆ ಇನ್ನೂ ಏನೂ ಬರೆದಿರಲಿಲ್ಲವಾದ್ದರಿಂದ, ಅಳಿಸಿದ್ದನ್ನು ಹುಡುಕಿ ತೆಗೆಯುವ ರಿಕವರಿ ಹಚ್ಚಿದೆ. ಸಂಜೆಯ ಹೊತ್ತಿಗೆ ಒಂದೇ ಫೋಟೋ ಪೂರ್ತಿ ಸಿಕ್ಕಿತು. ಒಂದೇ ಎಂದು ನನ್ನ ನೆನಪು. ನಾಲ್ಕೈದು ಎನ್ನುತ್ತಾನೆ ರಹಮತ್.

ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಅವನ ಭುಜದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಾನು ನಿಂತಿದ್ದೆ.

ರಿಕವರಿಯಲ್ಲಿ ಎರಡು ಫೋಟೋಗಳ ತುಣುಕು ಬೆಸೆದುಕೊಳ್ಳುವುದುಂಟು. ಆದರೆ ಆಗ ಗೆರೆ ಬೀಳುತ್ತದೆ, ಬಣ್ಣ ಒಡೆಯುತ್ತದೆ. ಇಲ್ಲಿ ನನ್ನ ನೆರಳು ಅಣ್ಣನ ಪಂಚೆಯ ಮೇಲೆ ಬಿದ್ದಿತ್ತು. "ನಾನೇ ತೆಗ್ದಿದ್ದು. ನೀನಿರ್ಲಿಲ್ಲ," ಎಂದ ರಹಮತ್, ಮೆಲ್ಲಗೆ.

ಅತ್ತಿಗೆಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಪರದೆಯನ್ನು ನೋಡಿ, "ಮಣ್ಣಿಗೂ ಬರ್ಲಿಲ್ಲ ಇವ್ನು. ಇವ್ನನ್ನ ಕತ್ತರ್ಸಿ ಪ್ರಿಂಟ್ ಹಾಕ್ಕೊಡಿ, ಸಾಬ್ರೆ," ಎಂದಳು.

ರಹಮತ್ ಕತ್ತರಿಸಿದ. ಕೈಯನ್ನು ಕತ್ತರಿಸಿದರೆ ಅಣ್ಣನ ಭುಜವೂ ಹೋಗುತ್ತಿತ್ತು, ಕೈಯನ್ನು ಹಾಗೇ ಉಳಿಸಿದ. ಆ ಕೈಯ ಹೆಬ್ಬೆರಳಿನ ಮೇಲೆ ಸುಟ್ಟ ಕಲೆ ಇದೆ. ಅದು ಅಣ್ಣ ಸತ್ತ ಎಷ್ಟೋ ತಿಂಗಳ ಮೇಲೆ, ಅಂಗಡಿಯಲ್ಲಿ ಸೋಲ್ಡರಿಂಗ್ ಮಾಡುವಾಗ ನನಗಾದದ್ದು.

ಅತ್ತಿಗೆ ಇಂದಿಗೂ ನನ್ನನ್ನು ಮನೆಗೆ ಕರೆದಿಲ್ಲ. ಆ ಕೈ ಅಲ್ಲಿ ಗೋಡೆಯ ಮೇಲಿದೆ.