ಅನ್ನದ ಪಾತ್ರೆ ಮರೆತವಳ ಒಲೆ

ಮದುವೆಯಾಗಿ ಕಲ್ಲಡ್ಕದ ಮನೆಗೆ ಬಂದ ಮೊದಲ ಬೆಳಿಗ್ಗೆ ನನ್ನನ್ನು ಹೆದರಿಸಿದ್ದು ಒಂದು ಪಾತ್ರೆ. ನಮ್ಮ ಧಾರವಾಡದಲ್ಲಿ ಅಷ್ಟು ದೊಡ್ಡದರಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಾರೆ. ಇಲ್ಲಿ ಅದರೊಳಗೆ ಕೆಂಪು ಕುಚ್ಚಲಕ್ಕಿ ಒಂದು ಗಂಟೆಯಿಂದ ಕುದಿಯುತ್ತಿತ್ತು. ಸುತ್ತ ನಿಂತವರೆಲ್ಲ ತುಳುವಿನಲ್ಲಿ ಮಾತಾಡುತ್ತಿದ್ದರು. ಕನ್ನಡ ನಾಡಿನಿಂದ ಕನ್ನಡ ನಾಡಿಗೇ ಬಂದಿದ್ದೆ. ಆದರೂ ಉಪ್ಪು ಎಲ್ಲಿದೆ ಎಂದು ಕೇಳಲು ನಾಲಿಗೆ ಏಳಲಿಲ್ಲ. ಅತ್ತೆ ಮಾತ್ರ ನನಗಾಗಿ ಕನ್ನಡಕ್ಕೆ ಬಂದರು, ಶಾಲೆಯ ಪಾಠ ಓದಿದಷ್ಟು ನಿಧಾನವಾಗಿ.

"ನೀನು ಕೂತುಕೋ ಮಗಾ. ನಿನಗೆ ಇದೆಲ್ಲ ಗೊತ್ತಾಗ್ಲಿಕ್ಕಿಲ್ಲ."

ಅಕ್ಕರೆಯಿಂದಲೇ ಹೇಳಿದ್ದು. ನಾನು ಕೂತುಕೊಂಡೆ. ಹನ್ನೊಂದು ವರ್ಷ ಕೂತೇ ಇದ್ದೆನೇನೋ ಎಂದು ಈಗ ಅನ್ನಿಸುತ್ತದೆ.

ನನ್ನ ಗಂಡನ ಕೆಲಸ ಬೆಳ್ತಂಗಡಿಯಲ್ಲಿ ಇದ್ದುದರಿಂದ ನಾವು ಬಾಡಿಗೆ ಮನೆ ಮಾಡಿದೆವು. ಮೈದುನನ ಹೆಂಡತಿಯಾಗಿ ಶಶಿ ವಾಮದಪದವಿನಿಂದ ಕಲ್ಲಡ್ಕದ ಮನೆಗೆ ಬಂದಳು. ಬಂದ ವಾರಕ್ಕೇ ಅತ್ತೆ ಅವಳೊಡನೆ ತುಳುವಿನಲ್ಲಿ ಮಾತಾಡುತ್ತ ಸೆರಗು ಬಾಯಿಗೊತ್ತಿ ನಗುವುದನ್ನು ಕಂಡೆ. ನನ್ನೆದುರು ಅತ್ತೆ ನಗುವಾಗ ಸೆರಗು ಭುಜದ ಮೇಲೇ ಇರುತ್ತಿತ್ತು. ಹೊಟ್ಟೆಕಿಚ್ಚು ಪಾಪವೆಂದು ಕಾನ್ವೆಂಟಿನ ಸಿಸ್ಟರ್ ನಮಗೆ ಹೇಳಿಕೊಟ್ಟಿದ್ದರು. ಬಿಡುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಕಲ್ಲಡ್ಕದ ಮನೆಗೆ ಗಾಜಿನ ಗ್ಯಾಸ್ ಒಲೆ ಬಂತು. ಗ್ರಾನೈಟ್ ಕೊರೆದು, ಕಲ್ಲಿನ ಮಟ್ಟಕ್ಕೇ ಕೂರಿಸಿದ ನಾಲ್ಕು ಬರ್ನರಿನ ಕಪ್ಪು ಗಾಜು. ಬಂದ ನೆಂಟರೆಲ್ಲ ಅಡುಗೆಮನೆಗೆ ಹೋಗಿ ನೋಡಿ ಬರುತ್ತಿದ್ದರು. ಯಾರೂ ಇಲ್ಲದಾಗ ನಾನು ಅದರ ಮೇಲೆ ಬೆರಳೊತ್ತಿದೆ. ಗುರುತು ಬಿತ್ತು. ಒರೆಸದೆ ಬಂದೆ.

ಈ ವರ್ಷ ಮೂಡುಬಿದಿರೆಯಲ್ಲಿ ನಮ್ಮದೇ ಮನೆಯಾಯಿತು. ಇನ್ನು ಮುಂದೆ ಹಿರಿಯ ಮಗನ ಮನೆಯಲ್ಲಿ ನಿಲ್ಲುತ್ತೇನೆಂದು ಅತ್ತೆ ತಾವಾಗಿ ಹೇಳಿದರು. ಅವರು ಬಂದು ವಾರದೊಳಗೆ ಚೀಲ ಹಿಡಿದು ಕಲ್ಲಡ್ಕದ ಬಸ್ಸು ಹತ್ತಬಾರದು, ನನಗೆ ಬೇಕಿದ್ದದ್ದು ಅಷ್ಟೇ. ಅದಕ್ಕೆ ಶಶಿಯದಕ್ಕಿಂತ ದೊಡ್ಡ ಗಾಜಿನ ಒಲೆಯೇ ಬೇಕೆಂದು ನಿಶ್ಚಯಿಸಿದ್ದೆ. ಒಲೆ ಕೊಳ್ಳಲು ಹೋದ ಮರುದಿನವೇ ಕಲ್ಲು ಕೊರೆಯುವವರು ಬರುವವರಿದ್ದರು. ಒಮ್ಮೆ ತೂತು ಬಿದ್ದರೆ ಮತ್ತೆ ಮುಚ್ಚಲಾಗದು.

ಪೇಟೆಯ ಒಲೆ ಅಂಗಡಿಯ ಸಾಹೇಬರದ್ದೊಂದು ಪದ್ಧತಿ. ನೀವು ದಿನವೂ ಬಳಸುವ ಪಾತ್ರೆಗಳನ್ನು ತನ್ನಿ, ಒಲೆಯ ಮೇಲೆ ಇಟ್ಟು ನೋಡಿಯೇ ಕೊಳ್ಳಿ ಎನ್ನುತ್ತಾರೆ. ನಾನು ರೊಟ್ಟಿ ಹಂಚು, ಬೇಳೆಯ ಕುಕ್ಕರ್, ಬಾಣಲೆ, ಹಾಲಿನ ಪಾತ್ರೆ ಒಯ್ದಿದ್ದೆ. ಶಶಿಯನ್ನು ಕರೆದವರು ನನ್ನ ಗಂಡ, ನಾನಲ್ಲ. ಅವಳು ದೊಡ್ಡದೊಂದು ಗೋಣಿಚೀಲ ಹಿಡಿದು ಬಸ್ಸಿನಲ್ಲಿ ಬಂದಿದ್ದಳು.

ಇಂಡಕ್ಷನ್ ತೋರಿಸಿದಾಗ ಬೇಡವೆಂದೆ. ಬೆಂಕಿಯೇ ಇಲ್ಲದೆ ರೊಟ್ಟಿ ಉಬ್ಬಿಸುವುದು ಹೇಗೆ? ಶಶಿಯದಕ್ಕಿಂತ ಅಗಲದ ನಾಲ್ಕು ಬರ್ನರಿನ ಗಾಜಿನ ಒಲೆಯ ಮೇಲೆ ನನ್ನ ಪಾತ್ರೆಗಳು ಚಂದವಾಗಿ ಕೂತವು. ಶಶಿಯ ಕಡೆ ನೋಡಿದೆ.

"ಎಲ್ಲ ಸರಿ ಉಂಟು. ಅನ್ನದ ಪಾತ್ರೆ ಎಲ್ಲಿ ಅಕ್ಕ?" ಎಂದರು ಸಾಹೇಬರು.

ಹನ್ನೊಂದು ವರ್ಷ ಉಂಡ ಅನ್ನ. ಆದರೂ ಊಟವೆಂದರೆ ನನ್ನ ತಲೆಯಲ್ಲಿ ಇನ್ನೂ ರೊಟ್ಟಿಯೇ. ಶಶಿ ಚೀಲ ಬಿಚ್ಚಿ, ಕಲ್ಲಡ್ಕದ ಆ ಪಾತ್ರೆಯನ್ನೇ ಹೊರತೆಗೆದಳು.

"ಅತ್ತೆ ಕೊಟ್ಟು ಕಳಿಸಿದ್ದು. ಅಕ್ಕ ಮರೀತಾಳೆ, ನೀನು ತಕೊಂಡು ಹೋಗು ಅಂತ ಹೇಳಿದ್ರು."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನನ್ನ ಮರೆವು ಕೂಡ ಅವರಿಬ್ಬರ ನಡುವಿನ ಮಾತಾಗಿತ್ತಲ್ಲ.

ಪಾತ್ರೆ ಇಟ್ಟದ್ದೇ ಸುತ್ತಲಿನ ಬರ್ನರುಗಳೆಲ್ಲ ಅರ್ಧ ಮುಚ್ಚಿಹೋದವು, ಹಂಚಿಗೆ ಜಾಗವಿಲ್ಲ. ನಿಮ್ಮಲ್ಲಿ ಹೇಗೆ ನಡೆಯುತ್ತದೆಂದು ಶಶಿಯನ್ನು ಕೇಳಿದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ಎಲ್ಲಿ ನಡೀತದೆ ಅಕ್ಕ? ಅದರಲ್ಲಿ ಚಹಾ, ಒಗ್ಗರಣೆ ಅಷ್ಟೇ. ಅನ್ನಕ್ಕೆ ಹಿತ್ತಿಲಿನ ಸೌದೆ ಒಲೆಯೇ. ಊದಿ ಊದಿ ಅತ್ತೆಗೆ ಕಣ್ಣುರಿ. ನಿಮ್ಮಲ್ಲಾದ್ರೂ ಅವರಿಗೆ ನಿಂತು ಅನ್ನ ಮಾಡ್ಲಿಕ್ಕೆ ಆಗ್ಬೇಕು."

ಸಾಹೇಬರು ಒಳಗಿನಿಂದ ಅಗಲದ ಸ್ಟೀಲ್ ಒಲೆಯೊಂದನ್ನು ತಂದಿಟ್ಟರು. ಎರಡೇ ಬರ್ನರ್, ನಡುವೆ ಧಾರಾಳ ಜಾಗ, ಪಾತ್ರೆ ಕೂರುವ ಕಾಲುಗಳು ದಪ್ಪ. ಕಲ್ಲು ಕೊರೆಯಬೇಕಾಗಿಲ್ಲ. ನೋಡಲು ಮದುವೆ ಚಪ್ಪರದ ಅಡುಗೆಯವರದ್ದರಂತೆ ಇತ್ತು. ಇದನ್ನು ನೋಡಲು ಯಾವ ನೆಂಟರೂ ನನ್ನ ಅಡುಗೆಮನೆಗೆ ಬರಲಾರರು. ಜೊತೆಗೆ ಬಂದಿದ್ದ ನನ್ನ ಗಂಡ "ನಾಳೆ ಯೋಚನೆ ಮಾಡುವ" ಎಂದರು. ನಾನು ಗಾಜನ್ನು ಇನ್ನೊಮ್ಮೆ ಮುಟ್ಟಿ, ಕಲ್ಲಿನವರಿಗೆ ಬರಬೇಡಿ ಎಂದು ಅಲ್ಲಿಂದಲೇ ಫೋನು ಮಾಡಿದೆ. ದೊಡ್ಡ ಮನಸ್ಸಿನಿಂದಲ್ಲ. ಅತ್ತೆ ನನ್ನ ಕಡೆಗೆ ಬರಲಿ ಎಂಬ ಆಸೆಯಿಂದ. ಅದಕ್ಕೆ ದಾರಿ ತೋರಿಸಿದವಳು ಶಶಿಯೇ ಆದದ್ದು ಈಗಲೂ ಚುಚ್ಚುತ್ತದೆ.

ಅತ್ತೆ ಬಂದು ಮೂರು ತಿಂಗಳಾಯಿತು. ಒಂದು ಬರ್ನರಿನಲ್ಲಿ ಅವರ ಕುಚ್ಚಲಕ್ಕಿ, ಇನ್ನೊಂದರಲ್ಲಿ ನನ್ನ ಹಂಚು. ಹಂಚಿನಿಂದ ತೆಗೆದ ರೊಟ್ಟಿ ಬೆಂಕಿಯ ಮೇಲೆ ಉಬ್ಬುವುದನ್ನು ನೋಡಲೆಂದೇ ಅವರು ಸೌಟು ಹಿಡಿದು ನಿಲ್ಲುತ್ತಾರೆ. ಆಮೇಲೆ ಮುರಿದು ಮೀನು ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಮೊನ್ನೆ ಶಶಿಯೊಡನೆ ಫೋನಿನಲ್ಲಿ "ಎಡ್ಡೆ ಉಂಡು" ಎಂದರು. ಚೆನ್ನಾಗಿದೆ ಎಂದು ಅರ್ಥ. ನನಗೆ ಎದೆ ತುಂಬಿತು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಸೆರಗು ಬಾಯಿಗೆ ಹೋಯಿತು. ತುಳು ಈಗ ನನಗೆ ತಿಳಿಯುತ್ತದೆ. ನಗೆ ಮಾತ್ರ ನನಗೆ ಒಂದು ಗಳಿಗೆ ತಡವಾಗಿ ಬರುತ್ತದೆ.

ಅದೇ ಸಂಜೆ ಧಾರವಾಡದಿಂದ ಅವ್ವ ಫೋನು ಮಾಡಿದಳು. ಅಣ್ಣನ ಹೆಂಡತಿಯ ಸುದ್ದಿ.

"ನಿಮ್ಮ ವೈನಿ ಈಗ ಛಲೋ ರೊಟ್ಟಿ ಬಡೀತಾಳ ನೋಡವಾ. ನಿನಕಿಂತ ತೆಳ್ಳಗ."

"ಹೌದಾ? ಒಳ್ಳೇದಾಯ್ತಲ್ಲ" ಎಂದೆ. ನನ್ನ ಮಾತಿನ ಧಾಟಿ ಕೇಳಿ, ನಾನು ಪೂರ್ತಿ ಮಂಗಳೂರಾಕಿ ಆಗಿದ್ದೇನೆಂದು ಅವ್ವ ನಕ್ಕಳು.

ಫೋನಿಟ್ಟು ಒಲೆಯ ಮುಂದೆ ನಿಂತೆ. ಅಲ್ಲಿ ಅವ್ವನ ಪಕ್ಕ, ನಾನು ನಿಲ್ಲುತ್ತಿದ್ದಲ್ಲಿ, ವೈನಿ ನಿಂತಿರುತ್ತಾಳೆ. ಇಲ್ಲಿ ಅತ್ತೆಯ ಪಕ್ಕ, ಶಶಿ ನಿಲ್ಲುತ್ತಿದ್ದಲ್ಲಿ, ನಾನು ನಿಂತಿದ್ದೇನೆ.