ಮುತ್ಯಾನ ಜೈಲು ಅರ್ಜಿ

ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಕಳುವಾಗಬಹುದಿತ್ತು. ಕಲ್ಮಲದ ಹತ್ತಿರ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಕಾಗದ ಮಡಿಕೆಯಲ್ಲಿ ಹರಿಯಬಹುದಿತ್ತು, ಕಿಟಕಿಯ ಗಾಳಿಗೆ ಹಾರಿ ಹತ್ತಿ ಹೊಲಕ್ಕೆ ಬೀಳಬಹುದಿತ್ತು. ಇಷ್ಟು ಸಾಲದೆಂದು, ನಾನು ದೇವದುರ್ಗ ಮುಟ್ಟುವಷ್ಟರಲ್ಲಿ ಅತ್ತಿಯೇ ತೀರಿಕೊಂಡಿರಬಹುದು ಎಂದೂ ಯೋಚಿಸಿದ್ದೆ. ಐವತ್ತು ದಾಟಿದರೂ ಬೇರೆ ಯಾವ ವಿದ್ಯೆಯನ್ನೂ ನಾನು ಇಷ್ಟು ಚೆನ್ನಾಗಿ ಕಲಿತಿಲ್ಲ.

ಕಾಗದ ನಮ್ಮ ಮುತ್ಯಾನದು, ಅಪ್ಪನ ಅಪ್ಪನದು. ತುಂಗಭದ್ರೆಯ ಆಚೆ ದಂಡೆಯಲ್ಲಿ ಪಾನನಿರೋಧವಿದ್ದ ಕಾಲಕ್ಕೆ ಮಾನ್ವಿ ಕಡೆಯಿಂದ ಹೊಳೆ ದಾಟಿಸಿ ಸಾರಾಯಿ ಮಾರಿದವನು. ಅವನ ಹೆಸರು ಹೇಳಿ ಅಳುವ ಮಕ್ಕಳನ್ನು ಸುಮ್ಮನಾಗಿಸುತ್ತಿದ್ದರಂತೆ. ಆಚೆಯ ಜೈಲಿನಲ್ಲಿದ್ದಾಗ ಒಂದು ಮುಲಾಖತ್ ಅರ್ಜಿ ಕೊಟ್ಟಿದ್ದ: ದೇವದುರ್ಗದಲ್ಲಿರುವ ನನ್ನ ಮಗಳನ್ನು ನೋಡಲು ಅಪ್ಪಣೆಯಾಗಬೇಕು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಕ್ಕಣೆ, ಕೆಳಗೆ ನೇರಳೆ ಪೆನ್ಸಿಲಿನಲ್ಲಿ ಅವನ ಕನ್ನಡ ಸಹಿ. ಅರ್ಜಿ ನಾಮಂಜೂರಾಗಿ, ಅವನ ಬಟ್ಟೆಬರೆಯ ಜೊತೆ ಮಾನ್ವಿಯ ಮನೆಗೆ ಬಂದು ಟ್ರಂಕಿನ ತಳ ಸೇರಿತ್ತು.

ಆ ಮಗಳೇ ನಮ್ಮ ಅತ್ತಿ, ಮುತ್ಯಾ ದೇವದುರ್ಗದಲ್ಲಿ ಇಟ್ಟುಕೊಂಡಿದ್ದವಳ ಮಗಳು. ಹಾಗೆಂದು ಕರೆಯುವವನು ನಾನೊಬ್ಬನೇ. "ಮುತ್ಯಾನ ಹೆಸರು ಹೇಳ್ಕೊಂಡು ಯಾರ್ಯಾರೋ ಬರ್ತಾರ" ಎನ್ನುತ್ತಿದ್ದ ಅಪ್ಪ. ಅಪ್ಪ ಹೋದ ಮೇಲೆ ಟ್ರಂಕು ತೆಗೆದವನು ನಾನು.

ಫೋನಿನಲ್ಲಿ ಹೇಳಿದಾಗ ಅತ್ತಿ ಅಂದಳು: "ನನಗ ಓದಾಕ ಬರಂಗಿಲ್ಲಪಾ. ಅವನ ಸಹಿ ಮಾತ್ರ ಗುರ್ತು ಹಿಡೀತೀನಿ. ನಮ್ಮವ್ವಗ ಕೊಟ್ಟ ತಂಬಿಗಿ ಮ್ಯಾಲ ಮೊಳಿಲೆ ಕೊರದಾನ, ಕೊನಿ ಚೇಳಿನ ಬಾಲ ಇದ್ದಂಗ ಅದ. ತಗೊಂಡು ಬಾ, ಎರಡೂ ಕೂಡಿಸಿ ನೋಡೂಣು. ಅಷ್ಟಾದ್ರ ಸಾಕು ನನಗ."

ಫೋಟೊ ಹೊಡೆದರೆ ಕೈತಪ್ಪಿ ಮನೆಮಂದಿಯ ಗ್ರೂಪಿಗೆ ಹೋದೀತೆಂದು ಹೊಡೆಯಲಿಲ್ಲ. ಪ್ಲಾಸ್ಟಿಕ್ ಕವರಿಗೆ ಅಂಟೀತೆಂದು ಅದರಿಂದ ತೆಗೆದೆ. ಬ್ಯಾಗನ್ನು ನಂಬದೆ ಬನಿಯನ್ನಿನೊಳಗೆ ಇಟ್ಟುಕೊಂಡು, ದಾರಿಯುದ್ದಕ್ಕೂ ಎದೆಗೆ ಅಂಗೈ ಒತ್ತಿ ಕುಳಿತೆ. ಮೇ ತಿಂಗಳ ಬಿಸಿಲು. ಪಕ್ಕದವನು "ಎದಿ ನೋವೇನ್ರೀ?" ಎಂದ. ಅವನು ಕೇಳಿದ ಮೇಲೆ ಅದೂ ಶುರುವಾದಂತಾಯಿತು.

ಬಸ್ಸು ಕೆಡಲಿಲ್ಲ. ಬ್ಯಾಗು ಕಳುವಾಗಲಿಲ್ಲ. ಅತ್ತಿ ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು.

ಕಾಗದ ಬಿಚ್ಚಿದೆ. ಟೈಪಿನ ಅಕ್ಷರಗಳು ಹಾಗೇ ಇದ್ದವು. ಸಹಿಯಿದ್ದಲ್ಲಿ ನೇರಳೆಹಣ್ಣು ಒರೆಸಿದಂಥ ಕಲೆ. ಹಸಿಯಾದರೆ ಕರಗುವ ಪೆನ್ಸಿಲು ಅದು. ನನ್ನ ಪಟ್ಟಿಯಲ್ಲಿ ಬೆವರು ಇರಲಿಲ್ಲ.

"ಇಲ್ಲಿ ನೋಡತ್ತಿ, ಮಗಳು ಅಂತ ಬರದದ" ಎಂದು ಬೆರಳಿಟ್ಟೆ.

"ಅದನ್ನ ಯಾರರ ಬರೀಬೌದಲ್ಲಪಾ."

ಆದರೂ ತಂಬಿಗೆಯ ಚೇಳಿನ ಬಾಲವನ್ನು ಕಲೆಯ ಪಕ್ಕ ಹಿಡಿದಳು, ಈ ಮಗ್ಗಲು ಒಮ್ಮೆ, ಆ ಮಗ್ಗಲು ಒಮ್ಮೆ. ಆಮೇಲೆ ಕಾಗದವನ್ನು ಮಡಿಚಿ ನನ್ನ ಕೈಗೇ ಕೊಟ್ಟು, ಒಳಗೆ ಹೋಗಿ ಅದೇ ತಂಬಿಗೆಯಲ್ಲಿ ನೀರು ತಂದಳು.

"ಕುಡಿಯಪಾ. ಭಾಳ ಬೆವತೀದಿ."