ಸುಮತಿಯ ಕೈಯಲ್ಲಿ ಕ್ಷಮೆಯ ಮಾತು

ಗುಜರಾತಿನ ವಡೋದರದ ಗೋರ್ವಾ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಿವುಡ ಮಕ್ಕಳ ವಸತಿಶಾಲೆಯ ಉದ್ದನೆಯ ಕೋಣೆಯಲ್ಲಿ ಸುಮತಿ ಸಾಲಿನ್ಸ್ ದೀಪದ ಸ್ವಿಚ್ಚು ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಇಲ್ಲಿ ಗಂಟೆ ಬಾರಿಸಿ ಪ್ರಯೋಜನವಿಲ್ಲ. ಅದಕ್ಕೂ ಏಳದ ಸೋಮಾರಿಗಳ ಮಂಚ ಅಲ್ಲಾಡುತ್ತದೆ. ಕಣ್ಣುಜ್ಜುತ್ತ ಎದ್ದ ಹುಡುಗಿಯೊಬ್ಬಳು ಪಕ್ಕದವಳ ಮೇಲೆ ಕೈಸನ್ನೆಯಲ್ಲಿ ದೊಡ್ಡ ದೂರು ಕೊಡುತ್ತಾಳೆ. ಸುಮತಿಯ ಕೈಯೂ ಅಷ್ಟೇ ಚುರುಕಾಗಿ ಆಡುತ್ತದೆ. "ಮೊದಲು ಹಲ್ಲುಜ್ಜು, ಮತ್ತೆ ಜಗಳ ಮಾಡುವ ಅಂತ ಹೇಳಿದೆ" ಎಂದು ನಮಗೆ ಬಿಡಿಸಿ ಹೇಳಿ ನಗುತ್ತಾರೆ.

ಸುಮತಿ ಇಲ್ಲಿನ ಆಯಾ. ಮದುವೆಯಾಗಿ ಉಡುಪಿಯಿಂದ ಬಂದವರು. ಗಂಡ ಬೇಗ ತೀರಿಕೊಂಡಾಗ ಸಿಕ್ಕಿದ ಕೆಲಸ ಇದು. ನಲವತ್ತು ಮಕ್ಕಳ ಸ್ನಾನ, ಬಟ್ಟೆ, ಜಡೆ, ಜ್ವರ ಎಲ್ಲವೂ ಅವರ ಪಾಲಿಗೆ. ಕೈಸನ್ನೆಯ ಭಾಷೆಯನ್ನು ಅವರಿಗೆ ಯಾರೂ ತರಗತಿಯಲ್ಲಿ ಕೂರಿಸಿ ಕಲಿಸಲಿಲ್ಲ. "ನನ್ನ ಮೇಷ್ಟ್ರುಗಳೆಲ್ಲ ನನ್ನ ಸೊಂಟದಷ್ಟು ಎತ್ತರ ಇದ್ರು. ತಪ್ಪು ಮಾಡಿದ್ರೆ ಬಿದ್ದು ಬಿದ್ದು ನೆಗಾಡ್ತಿದ್ರು. ನಾಚಿಕೆಗೇ ಬೇಗ ಕಲಿತೆ" ಎನ್ನುತ್ತಾರೆ.

ಭಾನುವಾರ ಮಾತ್ರ ಅವರು ಇಸ್ತ್ರಿ ಹಾಕಿದ ಸೀರೆಯುಟ್ಟು ಕನ್ನಡ ಲೂಥರನ್ ಕ್ರೈಸ್ತ ಸಭೆಗೆ ಹೊರಡುತ್ತಾರೆ. ಬಾಡಿಗೆಯ ಪುಟ್ಟ ಸಭಾಂಗಣ, ಕರಾವಳಿಯಿಂದ ಬಂದ ಕೆಲವು ಕುಟುಂಬಗಳು. ಮುಂದಿನ ಸಾಲಿನಲ್ಲಿ ಸೂರತ್ತಿನಿಂದ ಬೆಳಗಿನ ರೈಲು ಹಿಡಿದು ಬಂದ ಕಿವುಡ ಯುವಕರು, ವಜ್ರಕ್ಕೆ ಸಾಣೆ ಹಿಡಿಯುವವರು. ಸಭಾಪಾಲಕ ದಿವಾಕರ ಅಯ್ಯನವರು ಮಾತಾಡುತ್ತಾರೆ, ಪಕ್ಕದಲ್ಲಿ ನಿಂತ ಸುಮತಿ ಅದನ್ನು ಕೈಗಿಳಿಸುತ್ತಾರೆ. ಸಭೆಯ ವರದಿಗಳಲ್ಲಿ ಅವರ ಹೆಸರು ಹುಡುಕಿದರೂ ಸಿಗುವುದಿಲ್ಲ.

ಲೂಥರನ್ನರ ಆರಾಧನೆ ಪಾಪದ ಅರಿಕೆಯಿಂದ ಶುರುವಾಗುತ್ತದೆ. ಆಮೇಲೆ ಸಭಾಪಾಲಕರು ಜನರತ್ತ ತಿರುಗಿ, ದೇವರ ಹೆಸರಿನಲ್ಲಿ ನಿಮ್ಮ ಪಾಪವನ್ನು ಕ್ಷಮಿಸುತ್ತೇನೆ ಎಂದು ನೇರವಾಗಿ ಸಾರುತ್ತಾರೆ. ಈ ಮಾತು ಬಂದಾಗ ಸುಮತಿ ಹಿಂಜರಿಯುತ್ತಿದ್ದರು. ಜಡೆ ಹಾಕುವ ಆಯಾ ಇಂಥ ಮಾತು ಆಡುವುದೆಂದರೇನು? ಅದಕ್ಕೇ ಸಂಕೋಚದಿಂದ ಮುಂದೊಂದು ಸನ್ನೆ ಸೇರಿಸುತ್ತಿದ್ದರು: 'ಅಯ್ಯನವರು ಹೀಗೆ ಹೇಳುತ್ತಿದ್ದಾರೆ.' ವರ್ಷಗಟ್ಟಲೆ ಹೀಗೇ ನಡೆಯಿತು.

ಅದು ಹೊರಗೆ ಬಿದ್ದದ್ದು ಪ್ರವೀಣನಿಂದ. ರೈಲ್ವೆ ನೌಕರಿಗೆ ಬಂದ ಕುಂದಾಪುರದ ಕುಟುಂಬದವನು, ಇದೇ ವಸತಿಶಾಲೆಯಲ್ಲಿ ಬೆಳೆದವನು, ಈಗ ಸೂರತ್ತಿನಲ್ಲಿ ಸಾಣೆ ಕೆಲಸದಲ್ಲಿದ್ದಾನೆ. ದೃಢೀಕರಣ ಪಡೆದು, ಅಂದರೆ ತನ್ನ ನಂಬಿಕೆಯನ್ನು ಸಭೆಯೆದುರು ತಾನೇ ಹೇಳಿ, ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲು ತೆಗೆದುಕೊಳ್ಳಬೇಕೆಂಬುದು ಅವನ ಬಹುಕಾಲದ ಆಸೆ. ಅದಕ್ಕಾಗಿ ನಡೆಯುತ್ತಿದ್ದ ಪಾಠದ ನಡುವೆ ಅವನು ಸುಮತಿಯನ್ನು ಕೈಯಲ್ಲೇ ಕೇಳಿದ: "ಅಕ್ಕ, ಕ್ಷಮಿಸಿದೆ ಅಂತ ಅಯ್ಯನವರು ಕಿವಿ ಕೇಳುವವರಿಗೆಲ್ಲ ಹೇಳ್ತಾರೆ. ನನಗೆ ಹೇಳುವುದು ಯಾರು?"

ಸುಮತಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ತಾನು ಕ್ಷಮೆ ಕೊಡುವ ಬದಲು ಕ್ಷಮೆಯ ಸುದ್ದಿ ಕೊಡುತ್ತಿದ್ದೆ ಎಂಬುದು ಹೊಳೆಯಿತು. ಬೆಳಗಾಗುತ್ತಲೇ ಅಯ್ಯನವರ ಮನೆಗೆ ಹೋದರು. ದಿವಾಕರ ಅಯ್ಯನವರು ಬೈಯಲಿಲ್ಲ. "ಮದುವೆಯಲ್ಲಿ ಹುಡುಗಿ 'ಒಪ್ಪಿದೆ' ಅಂದ್ರೆ ಅದೇನು ವಾರ್ತೆಯಾ ಸುಮತಮ್ಮ? ಅಂದ ಕೂಡಲೇ ಮದುವೆ ಆಗಿಯೇ ಬಿಟ್ಟಿತು. ಇದೂ ಹಾಗೆಯೇ. ಮಾತು ದೇವರದ್ದು. ನನ್ನ ಬಾಯಿಯೂ ಅದಕ್ಕೆ ಸಾಲದ್ದು ಅಂತ ನನಗೆ ಗೊತ್ತುಂಟು. ನೀವು ನೇರ ಹೇಳಿ" ಎಂದರು.

ಸಭೆಯ ಹಿರಿಯ ಮಾಧವ ಅಮ್ಮನ್ನರಿಗೆ ಸನ್ನೆಯ ಮೂಲಕ ಪ್ರವೀಣನಿಗೆ ದೃಢೀಕರಣ ಕೊಡುವುದು ಸರಿಬರಲಿಲ್ಲ. ಕೆಟ್ಟವರಲ್ಲ, ಕಟ್ಟುನಿಟ್ಟಿನವರು. "ನಂಬಿಕೆ ಬರುವುದು ಕಿವಿಯಿಂದ ಅಂತ ನಮಗೆ ಕಲಿಸಿದ್ದು. ಆ ಹುಡುಗ ನಂಬ್ತೇನೆ ಅಂತ ಸುಮತಿಯ ಬಾಯಲ್ಲಿ ಹೇಳಿದ್ರೆ ನಾವು ಯಾರ ನಂಬಿಕೆಗೆ ಸಾಕ್ಷಿ ಆದ ಹಾಗೆ?" ಎಂದು ಕೇಳಿದರು. ಪಾಠದ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನು ಸಭೆಯೆದುರೇ ಕೇಳುತ್ತೇನೆ, ಉತ್ತರ ತೃಪ್ತಿಯಾಗದಿದ್ದರೆ ದೃಢೀಕರಣ ಬೇಡ ಎಂಬುದು ಅವರ ಷರತ್ತು. ಪ್ರವೀಣ ಒಪ್ಪಿದ.

ಕಳೆದ ಗರಿಗಳ ಭಾನುವಾರ, ಈಸ್ಟರಿಗೆ ಒಂದು ವಾರ ಮೊದಲು, ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಧವರು ಎದ್ದು ನಿಂತರು. "ದೇವರ ಮಾತು ನಿನ್ನ ಕಿವಿಗೆ ಬೀಳಲೇ ಇಲ್ಲವಲ್ಲ ಮಗಾ. ನಿನ್ನನ್ನು ಮುಟ್ಟಿದ್ದು ಹೇಗೆ?"

ಸುಮತಿ ಅದನ್ನು ಸನ್ನೆಗಿಳಿಸಿದ ಕೂಡಲೇ ಪ್ರವೀಣನ ಕೈಗಳು ಆಡತೊಡಗಿದವು. ಸುಮತಿ ಈ ಸಲ 'ಅವನು ಹೇಳುತ್ತಾನೆ' ಎನ್ನಲಿಲ್ಲ. ಅವನ ಮಾತಿಗೆ ತಮ್ಮ ದನಿಯನ್ನು ಹಾಗೇ ಬಿಟ್ಟುಕೊಟ್ಟರು. "ನನಗೆ ದೀಕ್ಷಾಸ್ನಾನ ಆದಾಗ ನಾನು ಹಸುಗೂಸು. ನೀವೂ ಹಾಗೆಯೇ ಅಲ್ವಾ ಮಾವ? ಅಯ್ಯನವರು ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿರಬಹುದು, ಅರ್ಥ ಆಗಿರ್ಲಿಲ್ಲ. ಆದ್ರೂ ದೇವರು ಕೊಟ್ಟ ಮಾತು ನಿಮ್ಮದಾಯಿತು. ಆ ದಿನ ನಾವಿಬ್ಬರೂ ಒಂದೇ. ನಾನು ಕೇಳಿಸ್ಕೊಂಡದ್ದಲ್ಲ, ದೇವರು ಮಾತು ಕೊಟ್ಟದ್ದು."

ಮಾಧವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ "ನನಗೆ ತೃಪ್ತಿ. ಇವನ ನಂಬಿಕೆಗೆ ನಾನೇ ಸಾಕ್ಷಿ" ಎಂದರು. ಕಿವುಡ ಯುವಕರೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ಮರುಗಳಿಗೆ ಇಡೀ ಸಭೆ ಹಾಗೇ ಮಾಡಿತು, ಮಾಧವರೂ ಸೇರಿ. ಅಂದು ಪ್ರವೀಣ ಪ್ರಭುಭೋಜನದ ರೊಟ್ಟಿಗೆ ಮೊದಲ ಬಾರಿ ಕೈಯೊಡ್ಡಿದ.

ಈಗ ಪ್ರತಿ ಭಾನುವಾರ ಸುಮತಿ ಮುಂದಿನ ಸಾಲನ್ನು ದಿಟ್ಟಿಸಿ, ನಿಮ್ಮನ್ನು ಕ್ಷಮಿಸಿದೆ ಎಂದು ನೇರವಾಗಿ ಸನ್ನೆ ಮಾಡುತ್ತಾರೆ. ಮುಂದೆ ಬೇರೆ ಸನ್ನೆ ಸೇರಿಸುವುದಿಲ್ಲ. ಹೆಮ್ಮೆ ಅನ್ನಿಸುತ್ತದೆಯೇ ಎಂದು ಕೇಳಿದರೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾರೆ.

"ಆ ಗರಿಗಳ ಭಾನುವಾರ ಎಲ್ಲ ಮುಗಿದ ಮೇಲೆ ಪ್ರವೀಣ ನನ್ನ ಎದುರು ಬಂದು ನಿಂತ. ಅಕ್ಕ, ನೀವು ಯಾವಾಗಲೂ ಅಯ್ಯನವರ ಪಕ್ಕದಲ್ಲಿ ನಿಲ್ತೀರಿ, ನಿಮ್ಮ ಕಡೆ ತಿರುಗಿ ಯಾರೂ ಹೇಳುವುದಿಲ್ಲ ಅಂದ. ಮತ್ತೆ ನಿಧಾನಕ್ಕೆ ಕೈಯಲ್ಲಿ ಹೇಳಿದ, ದೇವರ ಹೆಸರಿನಲ್ಲಿ ನಿಮ್ಮ ಪಾಪ ಕ್ಷಮಿಸಿದೆ ಅಂತ. ಇಷ್ಟು ವರ್ಷಗಳಲ್ಲಿ ಆ ಮಾತು ನನಗೆ ಅಂತ ಕೇಳಿಸಿದ್ದು ಅವತ್ತೇ."